ಸರದಿಯಲ್ಲಿ ನಿಂತ ಸಾಹುಕಾರರು

ಕೈಯಲ್ಲಿ ದುಡ್ಡು ಹಿಡಿದುಕೊಂಡು ಹೋದರೂ ಸಾಮಾನು ಸಿಗದೆ, ಅಂಗಡಿಯವನ ಮುಂದೆ ಹಲ್ಲು ಗಿಂಜಿ ನಿಲ್ಲುವುದು ಮಧ್ಯಮ ವರ್ಗದವರ ಹಣೆಬರಹವೆಂದೇ ನಮ್ಮ ತಲೆಮಾರಿನವರು ತಿಳಿದಿದ್ದೆವು. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಾನುಗಟ್ಟಲೆ ಕಾದವರು, ಫಿಯೆಟ್ ಕಾರಿನ ಅಲಾಟ್‌ಮೆಂಟ್ ಚೀಟಿಯನ್ನು ದೇವರ ಪಟದ ಹಿಂದೆ ಜೋಪಾನವಾಗಿಟ್ಟವರು ಈ ಪತ್ರಿಕೆಯ ಓದುಗರಲ್ಲಿ ಇನ್ನೂ ಇದ್ದಾರೆ. ಸ್ಕೂಟರು ಮನೆಗೆ ಬಂದ ದಿನವೇ ಅದನ್ನು ‘ಆನ್’ ಇಟ್ಟು, ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಬಹುದಾಗಿತ್ತು. ಅದನ್ನು ನಾವು ಕಾಳಸಂತೆ ಎಂದು ಕರೆದೆವು, ಬೈದೆವು, ಪರವಾನಗಿ ರಾಜ್ಯದ ಪಾಪವೆಂದೆವು. ಆ ಕಾಲ ಮುಗಿಯಿತು, ಆ ಸರದಿಯೂ ಕರಗಿತು. ಈಗ ನೋಡಿದರೆ ಅದೇ ಸರದಿ ಜರ್ಮನಿಯಲ್ಲಿ, ಅಮೆರಿಕದಲ್ಲಿ ಕೋಟ್ಯಧೀಶರ ನಡುವೆ ಮರುಹುಟ್ಟು ಪಡೆದಿದೆ. ವ್ಯತ್ಯಾಸ ಇಷ್ಟೇ: ನಾವು ಯಾವುದಕ್ಕೆ ನಾಚಿಕೆಪಟ್ಟೆವೋ ಅದಕ್ಕೆ ಅವರು ಹೆಮ್ಮೆಪಡುತ್ತಾರೆ.

ನಾನು ಹೇಳುತ್ತಿರುವುದು ಪೋರ್ಷೆ 911 ಜಿಟಿ3, ಫೆರಾರಿಯ ಕೆಲವು ಮಾದರಿಗಳು ಮೊದಲಾದ, ಎಲ್ಲರೂ ಬಯಸುವ ಆದರೆ ಎಲ್ಲರಿಗೂ ಸಿಗದ ಸ್ಪೋರ್ಟ್ಸ್ ಕಾರುಗಳ ಸಂಗತಿ. ಕನ್ನಡ ಸಂಘದ ಪತ್ರಿಕೆಗೂ ಇದಕ್ಕೂ ಏನು ಸಂಬಂಧವೆಂದು ಹಿರಿಯರು ಹುಬ್ಬೇರಿಸಬಹುದು. ಸಂಬಂಧ ಇದೆ. ನಮ್ಮ ಸದಸ್ಯರ ಮನೆಗಳಲ್ಲಿ ಈಗ ಕ್ಯಾಲಿಫೋರ್ನಿಯಾದಲ್ಲೋ ಮ್ಯೂನಿಕ್‌ನಲ್ಲೋ ನೆಲೆಸಿದ ಒಬ್ಬ ಮಗನೋ ಮಗಳೋ ಇಲ್ಲದ ಮನೆ ಅಪರೂಪ. ಮನೆಯ ಸಾಲ ತೀರಿದ ಮೇಲೆ ಈ ಮಕ್ಕಳ ಕಣ್ಣು ಬೀಳುವುದು ಇಂಥ ಕಾರುಗಳ ಮೇಲೆ. ನನ್ನ ಅಕ್ಕನ ಮಗನೇ, “ಮಾಮ, ರಸ್ತೆಯ ಮೇಲೆ ಓಡಿಸಲಿಕ್ಕೆ ಯಾವುದನ್ನು ತೆಗೆದುಕೊಳ್ಳಲಿ?” ಎಂದು ಕೇಳಿದ್ದಾನೆ. ಅವನಿಗೆ ಹೇಳಬೇಕಾದದ್ದನ್ನು ಹತ್ತು ಜನರ ಮುಂದೆ ಹೇಳುತ್ತಿದ್ದೇನೆ: ಓಡಿಸುವ ಆಸೆಯುಳ್ಳವನು ಈ ಸರದಿಗೆ ಬೆನ್ನು ತಿರುಗಿಸಬೇಕು. ಕಾರು ಕೆಟ್ಟದ್ದೆಂದಲ್ಲ, ಅದನ್ನು ಮಾರುವ ರೀತಿ ಕೆಟ್ಟದ್ದು, ಮತ್ತು ಆ ರೀತಿ ಕೊಳ್ಳುವವನ ಬುದ್ಧಿಯನ್ನೂ ಕೆಡಿಸುತ್ತದೆ.

ಮಾರುವ ರೀತಿ ಹೀಗಿದೆ. ಪೇಟೆಯ ಬೇಡಿಕೆಗಿಂತ ಒಂದು ಕಾರು ಕಡಿಮೆ ತಯಾರಿಸಬೇಕೆಂಬುದು ಎಂಜೋ ಫೆರಾರಿಯ ಹೆಸರಿನಲ್ಲಿ ಓಡಾಡುವ ನೀತಿ. ಅವನ ಕಂಪೆನಿ 1995ರಲ್ಲಿ ಎಫ್50 ಎಂಬ ಕಾರು ಹೊರತಂದಾಗ 349 ಮಾತ್ರ ತಯಾರಿಸುವುದಾಗಿ ಹೇಳಿತು. 350 ಮಾರಬಹುದೆಂಬ ಅಂದಾಜಿಗೆ ಒಂದು ಕಡಿಮೆ! ಪೋರ್ಷೆಯವರು ಅಷ್ಟು ಬಹಿರಂಗವಾಗಿ ಹಾಗೆ ಹೇಳುವುದಿಲ್ಲ. ಆದರೆ ಪ್ರತಿ ವ್ಯಾಪಾರಿಗೂ ಇಂತಿಷ್ಟೇ ಜಿಟಿ3 ಎಂದು ಹಂಚಿಕೆಯಾಗುತ್ತದೆ, ಮತ್ತು ಆ ಹಂಚಿಕೆ ಯಾರಿಗೆ ಹೋಗಬೇಕೆಂಬುದು ವ್ಯಾಪಾರಿಯ ಮರ್ಜಿ. ಹಿಂದೆ ಅವನಲ್ಲಿ ಎಷ್ಟು ಕಾರು ಕೊಂಡಿದ್ದೀರಿ ಎಂಬುದು ನಿಮ್ಮ ಜಾತಕ. ಜಾತಕ ಬಡವಾಗಿದ್ದರೆ, ನಿಮಗೆ ಬೇಡದ ಒಂದು ದೊಡ್ಡ ಜೀಪಿನಂಥ ಗಾಡಿಯನ್ನೋ, ಬ್ಯಾಟರಿ ಗಾಡಿಯನ್ನೋ ಮೊದಲು ಕೊಂಡು ‘ಸಂಬಂಧ ಬೆಳೆಸಿಕೊಳ್ಳಿ’ ಎಂಬ ಸೂಚನೆ ನಯವಾಗಿ ಬರುತ್ತದೆ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ನಮ್ಮ ಗಾದೆ ನೆನಪಾಗುತ್ತದೆ: ಈ ಕಾರು ಸಿಗಬೇಕಾದರೆ ನೀವು ಹಳೆಯ ಗಿರಾಕಿಯಾಗಿರಬೇಕು, ಹಳೆಯ ಗಿರಾಕಿಯಾಗಬೇಕಾದರೆ ಬೇಡದ ಕಾರುಗಳನ್ನು ಕೊಂಡಿರಬೇಕು!

ಅಮೆರಿಕದಲ್ಲಿ ಇದಕ್ಕೆ ಇನ್ನೊಂದು ಬಾಲವೂ ಉಂಟು. ಅಲ್ಲಿ 1958ರ ಕಾನೂನಿನ ಪ್ರಕಾರ ಹೊಸ ಕಾರಿನ ಕಿಟಕಿಗೆ ಬೆಲೆಯ ಚೀಟಿ ಅಂಟಿಸಲೇಬೇಕು. ಆದರೆ ಆ ಬೆಲೆ ಕಾರ್ಖಾನೆಯವರು ‘ಸೂಚಿಸಿದ’ ಬೆಲೆ ಮಾತ್ರ. ವ್ಯಾಪಾರಿ ಸ್ವತಂತ್ರ, ಅದರ ಮೇಲೆ ತನಗೆ ತೋಚಿದಷ್ಟು ಏರಿಸಬಹುದು. ಬೇಡಿಕೆಯ ಕಾರುಗಳ ಮೇಲೆ ಈ ಏರಿಕೆ ಹತ್ತಾರು ಸಾವಿರ ಡಾಲರುಗಳಷ್ಟಾಗುವುದುಂಟು. ನಮ್ಮ ‘ಆನ್’ ಮೇಜಿನ ಕೆಳಗೆ ಕೈ ಬದಲಾಯಿಸುತ್ತಿತ್ತು. ಇದು ಮೇಜಿನ ಮೇಲೆ, ರಸೀದಿ ಸಮೇತ.

ಇಷ್ಟಾದ ಮೇಲೆ ಮಧ್ಯವರ್ತಿಗಳು ಹುಟ್ಟದಿರುತ್ತಾರೆಯೇ? ಕೊಂಡು ವಾರದೊಳಗೆ ಮಾರಿ ಲಾಭ ಹೊಡೆಯುವವರಿಗೆ ಲಗಾಮು ಹಾಕಲು ಫೆರಾರಿಯವರು ಆ ಎಫ್50ಯನ್ನು ಅಮೆರಿಕದಲ್ಲಿ ಮಾರದೆ ಎರಡು ವರ್ಷದ ಗುತ್ತಿಗೆಗೆ ಕೊಟ್ಟರು. ಫೋರ್ಡ್ ಕಂಪೆನಿ 2016ರಲ್ಲಿ ತನ್ನ ಜಿಟಿ ಕಾರಿಗೆ ಅರ್ಜಿ ಕರೆದಾಗ 500 ಕಾರುಗಳಿಗೆ 6,506 ಅರ್ಜಿಗಳು ಬಂದವು. ನೌಕರಿಯ ಅರ್ಜಿಯೇನೋ ಎಂಬಂತೆ ನೀವು ಯಾರು, ಕಾರನ್ನು ಏನು ಮಾಡುತ್ತೀರಿ ಎಂದೆಲ್ಲ ಬರೆದುಕೊಡಬೇಕಾಗಿತ್ತು. ಎರಡು ವರ್ಷ ಮಾರುವುದಿಲ್ಲವೆಂದು ಕರಾರಿಗೆ ರುಜು ಹಾಕಿದ ಕುಸ್ತಿಪಟು, ಚಿತ್ರನಟ ಜಾನ್ ಸೀನಾ ಕಾರು ಕೈಗೆ ಬಂದ ಕೆಲವೇ ವಾರಗಳಲ್ಲಿ ಅದನ್ನು ಮಾರಿದ, ಕಂಪೆನಿ 2017ರಲ್ಲಿ ಅವನ ಮೇಲೆ ದಾವೆ ಹೂಡಿತು, 2018ರಲ್ಲಿ ರಾಜಿಯಾಯಿತು. ಪೋರ್ಷೆಯವರೂ 2023ರಲ್ಲಿ 1,963 ಮಾತ್ರ ತಯಾರಿಸುವುದೆಂದು ಸಾರಿದ 911 ಎಸ್/ಟಿ ಕಾರನ್ನು ಅಮೆರಿಕದ ಗಿರಾಕಿಗಳಿಗೆ ಮೊದಲ ವರ್ಷ ಗುತ್ತಿಗೆಯ ಮೇಲೆಯೇ ಕೊಟ್ಟರು. ಲಕ್ಷಗಟ್ಟಲೆ ಡಾಲರು ತೆತ್ತವನು ತನ್ನ ಕಾರಿಗೆ ಒಂದು ವರ್ಷ ಬಾಡಿಗೆದಾರ! ಮುಂಬಯಿಯಲ್ಲಿ ಪಗಡಿ ಕೊಟ್ಟು ಖೋಲಿ ಹಿಡಿದವರಿಗೆ ಈ ನ್ಯಾಯ ಹೊಸದೇನಲ್ಲ.

ಇವೆಲ್ಲಕ್ಕಿಂತ ಬೋಧಪ್ರದವಾದದ್ದು 911 ಆರ್ ಎಂಬ ಕಾರಿನ ಕಥೆ. ಇದನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು. 2013ರಲ್ಲಿ ಪೋರ್ಷೆಯವರು ಹೊಸ ಜಿಟಿ3 ತಂದಾಗ ಅದರಲ್ಲಿ ಕ್ಲಚ್ ಒತ್ತಿ ಕೈಯಿಂದ ಬದಲಾಯಿಸುವ ಗೇರು ಇರಲಿಲ್ಲ. ಯಂತ್ರವೇ ಬದಲಾಯಿಸುವ ಗೇರು ಮಾತ್ರ. ಕೈಗೇರಿನ ಕಾಲ ಮುಗಿಯಿತೆಂದು ರಸಿಕರು ಎದೆ ಬಡಿದುಕೊಂಡರು. 2016ರ ಮಾರ್ಚಿಯಲ್ಲಿ ಜಿನೀವಾ ಪ್ರದರ್ಶನದಲ್ಲಿ ಅದೇ ಕಂಪೆನಿ 911 ಆರ್ ತೋರಿಸಿತು: 500 ಅಶ್ವಶಕ್ತಿ, ತೂಕ 1,370 ಕಿಲೋ, ಹಿಂದೆ ರೆಕ್ಕೆಯಿಲ್ಲ, ಆರು ಗೇರು, ಅದೂ ಕೈಗೇರು ಮಾತ್ರ. ಸಂಖ್ಯೆ 991, ಅಮೆರಿಕದಲ್ಲಿ ಬೆಲೆ 1,84,900 ಡಾಲರು. ಮರುಮಾರಾಟದಲ್ಲಿ ಇದರ ಬೆಲೆ ಕೆಲವೇ ತಿಂಗಳುಗಳಲ್ಲಿ ಹಲವು ಪಟ್ಟು ಏರಿತು. ಇದು ಕೊನೆಯದು, ಇನ್ನು ಇಂಥದ್ದು ಹುಟ್ಟುವುದಿಲ್ಲ ಎಂದು ನಂಬಿದವರು ಮನೆ ಮಾರಿದಷ್ಟು ಹಣ ಸುರಿದರು. ಮುಂದಿನ ವರ್ಷ ಏನಾಯಿತು? 2017ರಲ್ಲಿ ಜಿಟಿ3ಗೇ ಕೈಗೇರು ಮರಳಿ ಬಂತು. ಅದೇ ವರ್ಷ ಫ್ರಾಂಕ್‌ಫರ್ಟ್‌ನಲ್ಲಿ ರೆಕ್ಕೆಯಿಲ್ಲದ ‘ಟೂರಿಂಗ್’ ರೂಪವೂ ಬಂತು, ಸಂಖ್ಯೆಯ ಮಿತಿಯಿಲ್ಲದೆ. ಆರ್‌ನ ಬೆಲೆ ದಡದಡನೆ ಇಳಿಯಿತು. ಕಾರು ಅದೇ, ಎಂಜಿನು ಅದೇ, ಸದ್ದು ಅದೇ. ಇಳಿದದ್ದು ಬೆಲೆ ಮಾತ್ರ. ಹಾಗಾದರೆ ಏರಿದಾಗ ಕೊಂಡವನು ಕೊಂಡದ್ದು ಏನನ್ನು? ಕಾರನ್ನಂತೂ ಅಲ್ಲ, ‘ಇನ್ನೊಬ್ಬನ ಬಳಿ ಇಲ್ಲ’ ಎಂಬ ಸುಖವನ್ನು. ಆ ಸುಖ ಒಂದೂವರೆ ವರ್ಷ ಬಾಳಿತು.

ಈ ವ್ಯವಸ್ಥೆಯಲ್ಲಿ ಕಂಪೆನಿ ನಿರಪರಾಧಿ, ವ್ಯಾಪಾರಿಯೂ ಮಧ್ಯವರ್ತಿಯೂ ಖಳರು ಎಂದು ವಾದಿಸುವವರಿದ್ದಾರೆ. ಕಂಪೆನಿಯೂ ಪಾಠ ಕಲಿತಿದೆ. 2021ರಲ್ಲಿ ಬಂದ ಜಿಟಿ3ಗೆ ಅಮೆರಿಕದಲ್ಲಿ ಸೂಚಿಸಿದ ಬೆಲೆ 1,61,100 ಡಾಲರು. ಅದರ ಸುಧಾರಿತ ರೂಪಕ್ಕೆ, 2024ರ ಅಕ್ಟೋಬರಿನಲ್ಲಿ ತೋರಿಸಿದ್ದಕ್ಕೆ, 2,22,500. ಅಶ್ವಶಕ್ತಿ ಆಗಲೂ 510, ಈಗಲೂ 510. ವಸ್ತುವಿನ ಬೆಲೆ ಎಲ್ಲೆಡೆ ಏರಿದೆ, ಒಪ್ಪುತ್ತೇನೆ. ಆದರೆ ಮೂರೂವರೆ ವರ್ಷದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು? ದಲ್ಲಾಳಿಯ ಜೇಬಿಗೆ ಹೋಗುತ್ತಿದ್ದುದನ್ನು ಕಾರ್ಖಾನೆ ತನ್ನ ಜೇಬಿಗೆ ಎಳೆದುಕೊಂಡಿತೆಂದೇ ನನ್ನ ತರ್ಕ. ಹೆಚ್ಚು ತಯಾರಿಸಲು ತ್ರಾಣವಿಲ್ಲದ ಬಡ ಕಂಪೆನಿಯೇನಲ್ಲ ಅದು. 2024ರಲ್ಲಿ ಎಲ್ಲ ಬಗೆಯ 911ಗಳು ಸೇರಿ 50,941 ಕಾರುಗಳನ್ನು ಗಿರಾಕಿಗಳಿಗೆ ಒಪ್ಪಿಸಿದೆ.

ಇರಲಿ, ದುಡ್ಡಿನ ಮಾತು ಬಿಡೋಣ. ರಸ್ತೆಯ ಮೇಲೆ ಈ ಕಾರು ಏನು ಕೊಡುತ್ತದೆ? ಇದರ ಆರು ಸಿಲಿಂಡರಿನ ನಾಲ್ಕು ಲೀಟರಿನ ಎಂಜಿನು ನಿಮಿಷಕ್ಕೆ 9,000 ಸುತ್ತು ತಿರುಗುತ್ತದೆ, ಟರ್ಬೊ ಇಲ್ಲ. ಆ ಕೊನೆಯ ಎರಡು ಸಾವಿರ ಸುತ್ತುಗಳಲ್ಲಿ ಅದು ಹಾಡುವ ಹಾಡಿಗೇ ಜನ ಮರುಳಾಗುವುದು. ಆದರೆ ಆ ಹಾಡು ಕೇಳಬೇಕಾದರೆ ಗೇರನ್ನು ತುದಿಮುಟ್ಟ ಎಳೆಯಬೇಕು. ಕ್ಯಾಲಿಫೋರ್ನಿಯಾದ ಬಹುತೇಕ ಹೆದ್ದಾರಿಗಳಲ್ಲಿ ವೇಗದ ಮಿತಿ 65 ಮೈಲಿ, ಅಂದರೆ 105 ಕಿಲೋಮೀಟರು. ನಮ್ಮ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹಾದಿಯ ಸಪಾಟು ಭಾಗದಲ್ಲಿ 100. ಜಿಟಿ3ಯಲ್ಲಿ ಎರಡನೆಯ ಗೇರು ಮುಗಿಯುವ ಮೊದಲೇ ಈ ಎರಡೂ ಮಿತಿಗಳು ಹಿಂದೆ ಬಿದ್ದಿರುತ್ತವೆ. ಉಳಿದ ಗೇರುಗಳೆಲ್ಲ ಕಾನೂನಿಗೆ ಹೊರಗೆ. ಜರ್ಮನಿಯ ಆಟೋಬಾನಿನ ಬಹುಭಾಗದಲ್ಲಿ ಮಿತಿಯಿಲ್ಲವೆಂಬುದು ನಿಜ, ಆದರೆ ಅಲ್ಲಿಯೂ ಲಾರಿಗಳಿವೆ, ದುರಸ್ತಿ ಕಾಮಗಾರಿಗಳಿವೆ. ಈ ಕಾರು ಹುಟ್ಟಿದ್ದು ನ್ಯೂರ್‌ಬರ್ಗ್‌ರಿಂಗಿನಂಥ ಪಂದ್ಯದ ಹಾದಿಗೆ, 20.8 ಕಿಲೋಮೀಟರಿನ ಆ ಸುತ್ತನ್ನು ಏಳು ನಿಮಿಷದೊಳಗೆ ಮುಗಿಸಿದೆ. ಗಟ್ಟಿ ಸ್ಪ್ರಿಂಗು, ನೆಲಕ್ಕೆ ತಾಗುವ ಮೂತಿ, ಒಣ ಹಾದಿಗೆಂದೇ ತಯಾರಾದ, ಮಳೆಯಲ್ಲಿ ನೆಚ್ಚಿಕೆಗೆ ಬಾರದ ಟಯರು. ಪಂದ್ಯದ ಹಾದಿಗೆ ತಿಂಗಳಿಗೊಮ್ಮೆ ಹೋಗುವವನು ಇದನ್ನು ಕೊಳ್ಳಲಿ, ನನ್ನ ತಕರಾರಿಲ್ಲ. ಕಚೇರಿಗೂ ದೇವಸ್ಥಾನಕ್ಕೂ ಭಾನುವಾರದ ಬೆಟ್ಟದ ರಸ್ತೆಗೂ ಹೋಗುವವನಿಗೆ ಇದು ಯಾತಕ್ಕೆ?

ಅಂಥವನಿಗೆ ಬೇರೆ ಕಾರುಗಳಿವೆ, ಸರದಿಯಿಲ್ಲದೆ ಸಿಗುತ್ತವೆ. ಮಾಜ್ದಾದ ಎಂಎಕ್ಸ್-5 ಇದೆ: 1989ರಲ್ಲಿ ಹುಟ್ಟಿ 2016ರಲ್ಲಿ ಹತ್ತು ಲಕ್ಷದ ಗಡಿ ದಾಟಿದ ಪುಟ್ಟ ಎರಡು ಸೀಟಿನ ಗಾಡಿ, ಕುದುರೆಯೂ ಸವಾರನೂ ಒಂದೇ ಜೀವವಾಗಬೇಕೆಂಬ ಜಪಾನೀ ಮಾತನ್ನು ಸೂತ್ರವಾಗಿಟ್ಟುಕೊಂಡು ಮಾಡಿದ್ದು. ಟೊಯೊಟಾದ ಜಿಆರ್86 ಇದೆ. ಪೋರ್ಷೆಯೇ ಬೇಕೆಂದರೆ ಅವರದೇ 911 ಕರೆರಾ ಟಿ ಇದೆ, ಕೈಗೇರಿನದು. ಇವುಗಳಲ್ಲಿ ಚಿಕ್ಕವನ್ನು 80ರ ವೇಗದಲ್ಲಿ ತಿರುವಿಗೆ ತಿರುಗಿಸಿದಾಗಲೇ ಕೈಗೂ ಕಾಲಿಗೂ ಕೆಲಸ ಬೀಳುತ್ತದೆ; ಜಿಟಿ3 ಆ ವೇಗದಲ್ಲಿ ಆಕಳಿಸುತ್ತಿರುತ್ತದೆ. ಕಾಸಿಗೆ ತಕ್ಕ ಕಜ್ಜಾಯವೆನ್ನುತ್ತಾರೆ. ಇಲ್ಲಿ ಕಾಸು ಕಡಿಮೆ, ಕಜ್ಜಾಯ ಹೆಚ್ಚು.

“ಆದರೆ ಇಂಥ ಎಂಜಿನು ಮುಂದೆ ಸಿಗುವುದಿಲ್ಲವಲ್ಲ!” ಎಂಬುದು ಎದುರುವಾದ. ಈ ವಾದಕ್ಕೆ ನಾನು ತಲೆಬಾಗುತ್ತೇನೆ, ಅರ್ಧ. ಹೊಗೆಯ ಮೇಲಿನ, ಸದ್ದಿನ ಮೇಲಿನ ಯುರೋಪಿನ ಕಟ್ಟಳೆಗಳು ಬಿಗಿಯಾಗುತ್ತಿವೆ. ಟರ್ಬೊ ಇಲ್ಲದೆ 9,000 ಸುತ್ತುವ ಎಂಜಿನು ಎಂದೋ ಒಂದು ದಿನ ನಿಲ್ಲುತ್ತದೆ. ಅದನ್ನು ಮೆಚ್ಚಿ, ಪಟ್ಟಿಯ ಬೆಲೆಗೇ ಸಿಕ್ಕಿ, ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರು ಓಡಿಸುವವನಿಗೆ ನನ್ನ ನಮಸ್ಕಾರ. ಆದರೆ ‘ಕೊನೆಯದು’ ಎಂಬ ಪದವನ್ನು ಈ ಪೇಟೆಯಲ್ಲಿ ಎಷ್ಟು ಬಾರಿ ಮಾರಿದ್ದಾರೆಂಬುದನ್ನೂ ನೋಡಬೇಕು. 1998ರಲ್ಲಿ ಗಾಳಿಯಿಂದ ತಂಪಾಗುವ ಎಂಜಿನು ನಿಂತಾಗ ಅದೇ ಕೊನೆಯ ನಿಜವಾದ 911 ಎಂದರು. 2013ರಲ್ಲಿ ಕೈಗೇರು ಕೊನೆ ಎಂದರು. ಆಮೇಲೆ ಆದದ್ದನ್ನು ಈಗಷ್ಟೇ ನೋಡಿದೆವು.

ನನಗೆ ಹೆಚ್ಚು ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಇಂಥ ಕಾರು ಕೊಳ್ಳುವವನು ಬಣ್ಣ ಆರಿಸುವಾಗ ತನಗೆ ಯಾವ ಬಣ್ಣ ಇಷ್ಟ ಎಂದು ಕೇಳಿಕೊಳ್ಳುವುದಿಲ್ಲ. ಮುಂದೆ ಕೊಳ್ಳುವವನಿಗೆ ಯಾವುದು ಇಷ್ಟವಾದೀತು ಎಂದು ಲೆಕ್ಕ ಹಾಕುತ್ತಾನೆ. ತನ್ನ ಸೊಂಟಕ್ಕೆ ಹಿಡಿಸದ ಬಕೆಟ್ ಸೀಟನ್ನು ಹಾಕಿಸುತ್ತಾನೆ, ಏಕೆಂದರೆ ಅದಿಲ್ಲದಿದ್ದರೆ ಮಾರುವಾಗ ಬೆಲೆ ಬರುವುದಿಲ್ಲವಂತೆ. ಪಂದ್ಯದ ಹಾದಿಯನ್ನೇ ಕಾಣದವನು ಸಿರಾಮಿಕ್ ಬ್ರೇಕಿಗೆ ಸಾವಿರಾರು ಡಾಲರು ತೆರುತ್ತಾನೆ. ಕಾರು ಬಂದ ದಿನವೇ ಮೈತುಂಬ ಪ್ಲಾಸ್ಟಿಕ್ ಪೊರೆ. ಆಮೇಲೆ ಓಡಿಸುವುದಿಲ್ಲ, ಓಡಿಸಿದರೆ ಮೀಟರು ಏರುತ್ತದೆ, ಬೆಲೆ ಇಳಿಯುತ್ತದೆ. ನಮ್ಮ ಅಜ್ಜಿಯರು ಧರ್ಮಾವರದ ಸೀರೆಯನ್ನು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟದ್ದಾದರೂ ಮೊಮ್ಮಗಳ ಮದುವೆಗೆ ಉಡಲೆಂದು. ಇವನು ಇಟ್ಟಿರುವುದು ಯಾರೋ ಅಪರಿಚಿತನಿಗಾಗಿ. ಆ ಅಪರಿಚಿತನೂ ಉಡುವುದಿಲ್ಲ, ಇನ್ನೊಬ್ಬನಿಗೆ ಮಾರುತ್ತಾನೆ. ಒಂದು ಎಂಜಿನನ್ನು 9,000 ಸುತ್ತು ತಿರುಗುವಂತೆ ಮಾಡಲು ಎಂಜಿನಿಯರುಗಳು ವರ್ಷಾನುಗಟ್ಟಲೆ ಬೆವರು ಸುರಿಸಿದ್ದು ಅದು ಗ್ಯಾರೇಜಿನಲ್ಲಿ ಹೊದಿಕೆಯ ಕೆಳಗೆ ಮಲಗಲೆಂದೇ? ಹಣ ಕೂಡಿಡಬೇಕೆಂದರೆ ಬ್ಯಾಂಕಿದೆ, ಬಂಗಾರವಿದೆ.

“ಅವರ ದುಡ್ಡು, ಅವರ ಇಷ್ಟ; ನಿಮಗೇನು?” ಎನ್ನುವ ಉದಾರವಾದಿಗಳಿಗೆ ಒಂದು ಮಾತು. ದುಡ್ಡು ಅವರದು; ರಸ್ತೆ ಅವರದಲ್ಲ. ಈ ದೇಶದಲ್ಲಿ 2025ರ ಮುಂಗಡಪತ್ರದ ಪ್ರಕಾರ 40,000 ಡಾಲರಿಗೆ ಮೇಲ್ಪಟ್ಟ, ಹೊರಗೆ ಪೂರ್ತಿ ತಯಾರಾಗಿ ಬರುವ ಕಾರಿಗೆ ಸುಂಕ, ಸೆಸ್ ಸೇರಿ ಶೇಕಡಾ 110. ಅಷ್ಟು ತೆತ್ತು ತರಿಸಿದವರು ರಾಜ್ಯದ ತೆರಿಗೆ ಬಂದಾಗ ಮಾತ್ರ ಕೈ ಬಿಗಿ ಹಿಡಿಯುತ್ತಾರೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾರಿಗೆ ಇಲಾಖೆ ಹೊರರಾಜ್ಯದ ನೋಂದಣಿ ಹೊತ್ತು ತೆರಿಗೆ ತಪ್ಪಿಸುತ್ತಿದ್ದ 30 ದುಬಾರಿ ಕಾರುಗಳನ್ನು ಹಿಡಿಯಿತು. ಅದೇ ಜುಲೈಯಲ್ಲಿ ಮಹಾರಾಷ್ಟ್ರದ ನೋಂದಣಿಯ ಒಂದು ಫೆರಾರಿಯಿಂದ ಸುಮಾರು 1.42 ಕೋಟಿ ರೂಪಾಯಿ ವಸೂಲಾಯಿತು. ಇನ್ನೊಂದು ಪ್ರಕರಣ ಪುಣೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಒಂದು ಪೋರ್ಷೆ ಕಾರು ಬೈಕಿನಲ್ಲಿದ್ದ ಇಬ್ಬರು ತರುಣ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. ಓಡಿಸುತ್ತಿದ್ದವನು 17ರ ಹುಡುಗನೆಂದು ಪೊಲೀಸರು ಹೇಳಿದರು. ಬೆಂಗಳೂರಿನ ವ್ಯಾಪಾರಿಯ ಮೂಲಕ ಬಂದ ಆ ಕಾರಿಗೆ ಕಾಯಂ ನೋಂದಣಿಯೇ ಆಗಿರಲಿಲ್ಲ. ಕಟ್ಟದೆ ಉಳಿಸಿಕೊಂಡಿದ್ದ ಶುಲ್ಕ 1,758 ರೂಪಾಯಿ. ಅದು ಜಿಟಿ3 ಅಲ್ಲ, ಬ್ಯಾಟರಿಯ ಕಾರು. ಸರದಿಗೂ ಆ ಸಾವಿಗೂ ನೇರ ನಂಟಿಲ್ಲ. ಆದರೆ ಕಾರನ್ನು ಓಡಿಸುವ ಯಂತ್ರವೆಂದು ನೋಡದೆ ಮೆರೆಯುವ ಆಭರಣವೆಂದು ನೋಡುವ ಮನೆಯಲ್ಲಿ, ಅದರ ಕೀಲಿಕೈಯನ್ನು ಯಾರಿಗೆ ಕೊಡಬೇಕೆಂಬ ವಿವೇಕ ಎಲ್ಲಿಂದ ಬರಬೇಕು?

ಈಗ ಅಕ್ಕನ ಮಗನ ಪ್ರಶ್ನೆಗೆ. ನೋಡಪ್ಪ, ನೀನು ನಿಜವಾಗಿ ಓಡಿಸುವ ರಸ್ತೆಯನ್ನು ಮೊದಲು ನೆನಪಿಗೆ ತಂದುಕೋ, ಕಾರನ್ನು ಆಮೇಲೆ. ಆ ರಸ್ತೆಯಲ್ಲಿ ಉಬ್ಬುಗಳೆಷ್ಟು, ಮಳೆಯೆಷ್ಟು, ಪಕ್ಕದಲ್ಲಿ ಕೂರುವವರು ಯಾರು? ಹೆಂಡತಿಯನ್ನು ಕೂರಿಸಿಕೊಂಡು ಒಂದು ಗಂಟೆ ಓಡಿಸಿ ನೋಡದೆ ಯಾವುದಕ್ಕೂ ಮುಂಗಡ ಕೊಡಬೇಡ. ಓಡಿಸಿ ನೋಡಲು ಬಿಡದ ವ್ಯಾಪಾರಿಗೆ ದೂರದಿಂದಲೇ ಕೈಮುಗಿ. ಬೇಕಾದ ಒಂದಕ್ಕಾಗಿ ಬೇಡದ ಎರಡನ್ನು ಕೊಳ್ಳಬೇಡ. ಚೀಟಿಯ ಬೆಲೆಯ ಮೇಲೆ ಒಂದು ಡಾಲರೂ ಬೇಡ.

ಇಷ್ಟೆಲ್ಲ ಕೇಳಿಯೂ ಆ ಎಂಜಿನೇ ಬೇಕೆಂದು ಹಟ ಹಿಡಿದರೆ, ಚೆನ್ನಾಗಿ ಓಡಿದ ಹಳೆಯದನ್ನು ಹುಡುಕು. ಮೂಲೆಯಲ್ಲಿ ಮಲಗಿದ್ದಕ್ಕಿಂತ ಕ್ರಮವಾಗಿ ಓಡಿದ್ದೇ ಲೇಸು. ಸರ್ವಿಸ್ ಪುಸ್ತಕ ಪೂರ್ತಿ ಇರಲಿ. ಎಂಜಿನು ಮಿತಿಮೀರಿ ಎಷ್ಟು ಸಲ ತಿರುಗಿದೆ ಎಂಬುದನ್ನು ಆ ಕಾರಿನ ನಿಯಂತ್ರಣ ಪೆಟ್ಟಿಗೆ ದಾಖಲಿಸಿರುತ್ತದೆ; ಅದನ್ನು ತೆಗೆಸಿ ನೋಡದೆ ರುಜು ಹಾಕಬೇಡ. 2014ರಲ್ಲಿ ಎರಡು ಕಾರುಗಳಿಗೆ ಬೆಂಕಿ ಹತ್ತಿದ ಮೇಲೆ ಕಂಪೆನಿ 785 ಜಿಟಿ3ಗಳ ಎಂಜಿನನ್ನೇ ಬದಲಾಯಿಸಿಕೊಟ್ಟಿತು. ಆ ಕಾಲದ್ದಾದರೆ ಬದಲಾದ ದಾಖಲೆ ಕೇಳು. ಮೀಟರು ಎಂಬತ್ತು ಸಾವಿರ ಕಿಲೋಮೀಟರು ತೋರಿಸುವ ಕಾರನ್ನು ಕೂಡಿಡುವವರು ಮೂಸಿಯೂ ನೋಡುವುದಿಲ್ಲ, ಆದ್ದರಿಂದ ಮಾರುವವನು ಚೌಕಾಸಿಗೆ ಸಿದ್ಧನಿರುತ್ತಾನೆ. ಬಣ್ಣ ಹಸಿರೋ ಕೆಂಪೋ, ಯಾವುದಿದ್ದರೂ ತಾ. ಊರಿಗೆ ಬಂದಾಗ ಫೋಟೋ ತೋರಿಸು, ಜೊತೆಗೆ ಮೀಟರಿನದ್ದೂ ಒಂದು.